ಪುತ್ತೂರಿನಿಂದ ಬೆಂಗಳೂರಿಗೆ ವಿಮಾನದಲ್ಲೂ ಏಳು ಗಂಟೆ

ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಒಂದು ಗಂಟೆ. ಟಿಕೆಟ್ಟಿನಲ್ಲಿ ಅಚ್ಚಾಗುವುದೂ ಅಷ್ಟೇ, ಮೇಲೆ ಐದೋ ಹತ್ತೋ ನಿಮಿಷ. ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ಬಸ್ಸು, ರೈಲು, ವಿಮಾನ ಮೂರಕ್ಕೂ ಟಿಕೆಟ್ ಮಾಡಿಕೊಡುವ ಅಂಗಡಿ ನನ್ನದು. ಈ ಒಂದು ಗಂಟೆಯ ಮಾತು ದಿನಕ್ಕೊಮ್ಮೆಯಾದರೂ ನನ್ನ ಕೌಂಟರಿನ ಮುಂದೆ ಬಂದು ನಿಲ್ಲುತ್ತದೆ. ಜನ ಹೇಳಿದರೆ ಬೇಸರವಿಲ್ಲ, ಅವರು ಕೇಳಿದ್ದನ್ನು ಹೇಳುತ್ತಾರೆ. ಆದರೆ ಅಧಿಕಾರದಲ್ಲಿರುವವರೂ ಇದನ್ನೇ ಹೇಳತೊಡಗಿದಾಗ ನನಗೆ ಸಿಟ್ಟು ಬರುತ್ತದೆ. ಕರಾವಳಿಗೂ ರಾಜಧಾನಿಗೂ ನಡುವಿನ ದಾರಿ ಸರಿಯಿಲ್ಲ ಎಂದು ದೂರಿದರೆ, ವಿಮಾನ ಉಂಟಲ್ಲ, ಒಂದು ಗಂಟೆ ಸಾಕಲ್ಲ ಎನ್ನುತ್ತಾರೆ. ಆ ಒಂದು ಗಂಟೆಯ ಹಿಂದೆ ಘಾಟಿಯ ರೈಲೂ ಘಾಟಿಯ ರಸ್ತೆಯೂ ಮರೆಯಾಗುತ್ತಿವೆ.

ಮೊದಲು ದೂರದ ಲೆಕ್ಕ. ಭೂಪಟ ತೆಗೆದು ನೋಡಿದರೆ ಮಂಗಳೂರು, ಬೆಂಗಳೂರು ಎರಡೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದ ಮೇಲಿವೆ, 13 ಡಿಗ್ರಿಗೆ ಸ್ವಲ್ಪ ಕೆಳಗೆ. ಎರಡರ ನಡುವೆ ದಾರ ಹಿಡಿದರೆ ನೇರ ಪೂರ್ವಕ್ಕೆ ಹೋಗುತ್ತದೆ, ಉದ್ದ 300 ಕಿ.ಮೀ. ಹತ್ತಿರ. ವಿಮಾನ ನಿಲ್ದಾಣಗಳಿರುವ ಬಜ್ಪೆಯಿಂದ ದೇವನಹಳ್ಳಿಗೆ ಅಳೆದರೆ ಇನ್ನೊಂದಿಷ್ಟು ಸೇರುತ್ತದೆ, ಅಷ್ಟೇ. ರಸ್ತೆಯಲ್ಲಿ 350 ಕಿ.ಮೀ. ಎಂದಿಟ್ಟುಕೊಳ್ಳಿ. ರೈಲಿನಲ್ಲೂ ಅದೇ ಆಸುಪಾಸು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಹಳಿ ತೆರೆದ ಮೇಲೆ ಕೆಲವು ರೈಲುಗಳಿಗೆ ಮೈಸೂರಿನ ಸುತ್ತು ತಪ್ಪಿತು. ಅಂದರೆ ದೂರದ ವಿಷಯದಲ್ಲಿ ಈ ಎರಡು ಊರುಗಳು ಅಂಥಾ ದೂರದವಲ್ಲ. ನಡುವೆ ಇರುವುದು ಒಂದೇ ಅಡ್ಡಿ, ಘಟ್ಟ.

ವಿಮಾನ ಆ 300 ಕಿ.ಮೀ.ಯನ್ನು ಹೇಗೆ ದಾಟುತ್ತದೆ ಎಂಬುದನ್ನೂ ಹೇಳಬೇಕು. ಟಿಕೆಟ್ಟಿನಲ್ಲಿರುವ ಹೊತ್ತು ಹಾರಾಟದ ಹೊತ್ತಲ್ಲ. ನಿಂತ ಜಾಗದಿಂದ ವಿಮಾನವನ್ನು ಹಿಂದಕ್ಕೆ ತಳ್ಳುವ ಕ್ಷಣದಿಂದ ಹಿಡಿದು ಆಚೆ ಊರಿನಲ್ಲಿ ಇಳಿದು, ಉರುಳಿಕೊಂಡು ಹೋಗಿ ಮತ್ತೆ ನಿಲ್ಲುವವರೆಗಿನದು. ರನ್‌ವೇಗಾಗಿ ಸರತಿಯಲ್ಲಿ ಕಾಯುವುದು, ಇಳಿಯಲು ಅನುಮತಿ ಸಿಗದೆ ಆಕಾಶದಲ್ಲಿ ಸುತ್ತುವುದು ಎಲ್ಲಾ ಸೇರಿ ತಡವಾಗದಿರಲಿ ಎಂದು ಕಂಪನಿಗಳು ಕೆಲವು ನಿಮಿಷ ಕೈಯಲ್ಲಿ ಇಟ್ಟುಕೊಂಡೇ ಬರೆಯುತ್ತವೆ. ನಿಜಕ್ಕೂ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಮೀರಿ ಓಡಬಲ್ಲದು, ನಿಜ. ಇಷ್ಟು ಸಣ್ಣ ದೂರದಲ್ಲಿ ಅದು ಮೇಲೇರಿ ಮುಗಿಯುವಷ್ಟರಲ್ಲಿ ಇಳಿಯಲು ಶುರುಮಾಡುತ್ತದೆ. ಗಂಟೆಗೆ 500 ಕಿ.ಮೀ. ಹೋಗುವ ಪಂಖದ ಎಟಿಆರ್ ವಿಮಾನ ಕೂಡ ಇದೇ ದಾರಿಯಲ್ಲಿ ಜೆಟ್‌ಗಿಂತ ತುಂಬಾ ಹಿಂದೆ ಬೀಳದಿರುವುದಕ್ಕೆ ಕಾರಣ ಅದೇ. ಘಟ್ಟದ ಸಾಲನ್ನು ವಿಮಾನ ದಾಟುವುದು ಕೆಲವೇ ನಿಮಿಷಗಳಲ್ಲಿ. ಅದೇ ಘಟ್ಟಕ್ಕೆ ರೈಲು ಎರಡು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ವಿಮಾನ ನಮಗೆ ಉಳಿಸಿಕೊಡುವುದು ಈ ಘಾಟಿಯ ಹೊತ್ತನ್ನೇ. ಉಳಿಸಿದ್ದೆಲ್ಲ ಆಮೇಲೆ ಎರಡೂ ಕಡೆಯ ನೆಲದ ಮೇಲೆ ಖರ್ಚಾಗುತ್ತದೆ.

ಬೆಟ್ಟಂಪಾಡಿ ಕಡೆಯ ಒಬ್ಬ ಅಡಿಕೆ ಕೃಷಿಕರ ಮಗ ಮೊನ್ನೆ ಬಂದಿದ್ದ. ತಂದೆಗೆ ಎಪ್ಪತ್ತು ದಾಟಿದೆ, ಬೆಂಗಳೂರಿನ ಹೊಸೂರು ರಸ್ತೆಯ ಕಡೆಯ ಆಸ್ಪತ್ರೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಡಾಕ್ಟರನ್ನು ಕಾಣಬೇಕು.

"ಅಕ್ಕ, ಪ್ಲೇನಾದ್ರೆ ಒಂದೇ ಗಂಟೆಯಂತಲ್ಲ, ಅಪ್ಪನಿಗೆ ಅದನ್ನೇ ಮಾಡಿ" ಎಂದ.

"ಮಾಡ್ತೇನೆ. ಮನೆ ಬಿಡುವುದು ಎಷ್ಟು ಗಂಟೆಗೆ ಅಂತ ಒಮ್ಮೆ ಕೇಳಿ, ಆಮೇಲೆ ಹೇಳಿ" ಎಂದೆ.

ರಸೀದಿ ಪುಸ್ತಕದ ಹಿಂದೆ ಬರೆದು ತೋರಿಸಿದೆ. ಬೆಳಿಗ್ಗೆ ಏಳೂವರೆಯ ವಿಮಾನ ಎಂದಿಟ್ಟುಕೊಳ್ಳುವ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ. ವಯಸ್ಸಾದವರು, ಗಾಲಿಕುರ್ಚಿ ಬೇಕು, ಒಂದು ಚೀಲ ಒಳಗೆ ಹಾಕಲಿಕ್ಕುಂಟು, ಹಾಗಾಗಿ ಐದೂಮುಕ್ಕಾಲಿಗೆ ಬಜ್ಪೆಯಲ್ಲಿರಬೇಕು. ಪುತ್ತೂರಿನಿಂದ ಕಬಕ, ಮಾಣಿ, ಕಲ್ಲಡ್ಕ, ಬಿ.ಸಿ. ರೋಡ್, ಅಲ್ಲಿಂದ ಪೊಳಲಿ ದಾರಿಯಲ್ಲಿ ಕೈಕಂಬ, ಬಜ್ಪೆ. ಒಂದೂವರೆ ಗಂಟೆ. ಹಾಗಾದರೆ ನಾಲ್ಕೂಕಾಲಿಗೆ ಪುತ್ತೂರು ಬಿಡಬೇಕು, ಬೆಟ್ಟಂಪಾಡಿಯಿಂದ ಇನ್ನೂ ಮೊದಲು. ಎಂಟೂಮೂವತ್ತೈದಕ್ಕೆ ದೇವನಹಳ್ಳಿಯಲ್ಲಿ ಇಳಿದರು. ಚೀಲ ಸಿಕ್ಕಿ ಹೊರಗೆ ಬರುವಾಗ ಒಂಬತ್ತೂಕಾಲು. ಅಲ್ಲಿಂದ ಊರಿನ ದಕ್ಷಿಣ ತುದಿಗೆ, ಹೆಬ್ಬಾಳದ ಗಡಿಬಿಡಿ, ಸಿಲ್ಕ್ ಬೋರ್ಡಿನ ಗಡಿಬಿಡಿ ಎರಡನ್ನೂ ದಾಟಿ, ಕೆಲಸದ ದಿನದ ಬೆಳಿಗ್ಗೆ ಎರಡು ಗಂಟೆ. ಆಸ್ಪತ್ರೆಯ ಬಾಗಿಲಿಗೆ ಮುಟ್ಟುವಾಗ ಹನ್ನೊಂದೂಕಾಲು. ಪುತ್ತೂರಿನಿಂದ ಏಳು ಗಂಟೆ.

ರಾತ್ರಿ ಹತ್ತಕ್ಕೆ ಹೊರಡುವ ಸ್ಲೀಪರ್ ಬಸ್ಸು ಅದೇ ಏಳೆಂಟು ಗಂಟೆಯಲ್ಲಿ ಬೆಳಗಿನ ಜಾವ ಬೆಂಗಳೂರು ಮುಟ್ಟಿಸುತ್ತದೆ. ರೈಲು ಎಂಟು ಒಂಬತ್ತು. ಟಿಕೆಟ್ ಬೆಲೆ, ಬಜ್ಪೆಗೆ ಕಾರಿನ ಬಾಡಿಗೆ, ದೇವನಹಳ್ಳಿಯಿಂದ ಟ್ಯಾಕ್ಸಿ ಎಲ್ಲಾ ಕೂಡಿಸಿದರೆ ವಿಮಾನದ ಖರ್ಚು ಬಸ್ಸಿನ ಹಲವು ಪಟ್ಟು. ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಡಬದವರಾದ ನಾವು ಪೂರ್ವಕ್ಕೆ ಹೋಗಬೇಕಾದವರು. ವಿಮಾನ ಹತ್ತಬೇಕೆಂದರೆ ಮೊದಲು ಪಶ್ಚಿಮಕ್ಕೆ ಐವತ್ತು, ಅರುವತ್ತು, ಎಂಬತ್ತು ಕಿ.ಮೀ. ಹೋಗಬೇಕು. ಆಚೆ ಇಳಿದ ಮೇಲೆ ಊರಿನ ಉತ್ತರ ಹೊರವಲಯದಿಂದ ಒಳಗೆ ಬರಬೇಕು. ಒಂದು ಗಂಟೆ ಎನ್ನುವುದು ಈ ಎರಡು ತುದಿಗಳನ್ನು ಕತ್ತರಿಸಿ ಉಳಿದ ನಡುವಿನ ತುಂಡು ಮಾತ್ರ.

ಆ ತುಂಡು ನಿಜವಾಗುವ ಜನರೂ ಇದ್ದಾರೆ. ಬೆಂಗಳೂರಿನಲ್ಲಿ ಇಳಿದು, ಹೊರಗೆ ಬಾರದೆ ಅಲ್ಲಿಂದಲೇ ದಿಲ್ಲಿಗೋ ಗುವಾಹಟಿಗೋ ಇನ್ನೊಂದು ವಿಮಾನ ಹತ್ತುವವರಿಗೆ ಈ ಗಂಟೆ ಪೂರ್ತಿ ಸಲ್ಲುತ್ತದೆ. ಕಾವೂರಿನಲ್ಲಿ ಮನೆ, ಯಲಹಂಕದಲ್ಲಿ ಕೆಲಸ ಇರುವವರಿಗೂ. ಅವರಿಗೆಲ್ಲ ವಿಮಾನವೇ ಸರಿ, ನಾನೂ ಅದನ್ನೇ ಮಾಡಿಕೊಡುತ್ತೇನೆ. ವಿಮಾನದ ಮೇಲೆ ನನಗೆ ಹಗೆಯಿಲ್ಲ, ನನ್ನ ಅಂಗಡಿಯ ಅನ್ನದಲ್ಲಿ ಅದರ ಪಾಲೂ ಉಂಟು. ನನ್ನ ತಕರಾರು, ಬೇರೆ ದಾರಿಯಿಲ್ಲದೆ ವಿಮಾನ ಹತ್ತುವವರ ಬಗ್ಗೆ.

ಆ ಅಡಿಕೆ ಕೃಷಿಕರ ವಿಷಯವನ್ನೇ ತೆಗೆದುಕೊಳ್ಳಿ. ಅವರಿಗೆ ಬಸ್ಸು ಆಗುವುದಿಲ್ಲ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕಾದ ಹಿರಿಯರಿಗೆ ರಾತ್ರಿ ಬಸ್ಸು ಹೇಗೆ ಶಿಕ್ಷೆ ಎಂಬುದು ಮನೆಯಲ್ಲಿ ಅಂಥವರಿದ್ದವರಿಗೆ ಗೊತ್ತು. ನೀರೇ ಕುಡಿಯದೆ ಹತ್ತುತ್ತಾರೆ. ಡ್ರೈವರನ್ನು ಕೇಳಲು ನಾಚಿಕೆ, ನಿಲ್ಲಿಸಿದರೂ ಕತ್ತಲೆಯಲ್ಲಿ ಮೇಲಿನ ಬರ್ತಿನಿಂದ ಇಳಿಯುವುದು ಹೆದರಿಕೆ. ಹೆಂಗಸರ ಪಾಡು ಇನ್ನೂ ಕಷ್ಟ, ಅದನ್ನು ಅವರು ಗಂಡಸರೆದುರು ಹೇಳುವುದೂ ಇಲ್ಲ. ನನ್ನ ಕೌಂಟರಿಗೆ ಬಗ್ಗಿ ಮೆಲ್ಲಗೆ ಕೇಳುತ್ತಾರೆ: "ರೈಲು ಸಿಗ್ಲಿಕ್ಕಿಲ್ವಾ?" ರೈಲಿನಲ್ಲಿ ಶೌಚಾಲಯ ಉಂಟು, ಕಾಲು ಚಾಚಬಹುದು, ಎದ್ದು ನಾಲ್ಕು ಹೆಜ್ಜೆ ನಡೆಯಬಹುದು, ಹತ್ತುವುದು ಮನೆ ಹತ್ತಿರದ ಕಬಕ ಪುತ್ತೂರು ನಿಲ್ದಾಣದಲ್ಲೇ. ಕಾಯಿಲೆಯವರಿಗೆ, ವಯಸ್ಸಾದವರಿಗೆ, ಬಸುರಿಯರಿಗೆ, ಸಣ್ಣ ಮಕ್ಕಳಿದ್ದವರಿಗೆ ಈ ದಾರಿಯಲ್ಲಿ ಹೇಳಿ ಮಾಡಿಸಿದ ವಾಹನ ರೈಲೇ.

ಆದರೆ ಸೀಟಿಲ್ಲ. ರಾತ್ರಿ ರೈಲಿಗೆ ವಾರದ ಕೊನೆಯಲ್ಲಿ, ಹಬ್ಬದಲ್ಲಿ ಯಾವಾಗಲೂ ವೇಟಿಂಗ್ ಲಿಸ್ಟ್. ತತ್ಕಾಲ್ ತೆರೆದ ಕೆಲವೇ ನಿಮಿಷದಲ್ಲಿ ಮುಗಿದಿರುತ್ತದೆ. ಹಗಲಿನ ರೈಲುಗಳು ವಾರದ ಬೇರೆ ಬೇರೆ ದಿನ ಬೇರೆ ಬೇರೆ ಹೆಸರು, ನಂಬ್ರದಲ್ಲಿ ಓಡುವುದರಿಂದ ಯಾವ ದಿನ ಯಾವುದು ಎಂದು ಹಳ್ಳಿಯವರಿಗೆ ನೆನಪಿರುವುದಿಲ್ಲ. 2025ರಲ್ಲಿ ಘಾಟಿಯ ವಿದ್ಯುದೀಕರಣಕ್ಕಾಗಿ ಆ ಹಗಲು ರೈಲುಗಳನ್ನೂ ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಕೆಲಸ ಆಗಲೇಬೇಕಾದದ್ದು, ಒಪ್ಪುತ್ತೇನೆ. ಇನ್ನೊಂದು ಹಳಿ ಇದ್ದಿದ್ದರೆ ಹೀಗೆ ಪೂರ್ತಿ ನಿಲ್ಲಿಸುವ ಪ್ರಸಂಗ ಬರುತ್ತಿರಲಿಲ್ಲ. ರೈಲು ಸಿಗದಾಗ, ಬಸ್ಸು ಆಗದಾಗ, ಉಳಿಯುವುದು ವಿಮಾನ. ಹೀಗೆ ಹತ್ತಿದವರನ್ನೂ ಸೇರಿಸಿಯೇ, ನೋಡಿ ಜನ ಎಷ್ಟು ಹಾರುತ್ತಿದ್ದಾರೆ ಎಂದು ಲೆಕ್ಕ ತೋರಿಸುವುದು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಹಳಿಯ ಕಥೆಯನ್ನು ಕರಾವಳಿಯ ಹೊಸ ತಲೆಮಾರು ಮರೆತಿದೆ. ಐವತ್ತೇಳು ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಐವತ್ತು ಅಡಿಗೆ ಒಂದು ಅಡಿ ಏರು. ಹಿಂದೆ ಮುಂದೆ ಹೆಚ್ಚುವರಿ ಎಂಜಿನ್ ಕಟ್ಟಿಕೊಂಡು ಗಂಟೆಗೆ 30 ಕಿ.ಮೀ. ಮೀರದಂತೆ ಸಾಗಬೇಕು. ಮೀಟರ್ ಗೇಜ್ ಹಳಿ ತೆರೆದದ್ದು 1979ರಲ್ಲಿ. ಬ್ರಾಡ್ ಗೇಜ್ ಮಾಡುತ್ತೇವೆಂದು 1996ರಲ್ಲಿ ಮುಚ್ಚಿದರು. ಮತ್ತೆ ಜನರ ರೈಲು ಆ ಹಳಿಯ ಮೇಲೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ರಾಜಧಾನಿಗೂ ಕರಾವಳಿಗೂ ನೇರ ರೈಲಿಲ್ಲ! ಅಷ್ಟು ವರ್ಷದಲ್ಲಿ ಊರಿಗೆ ಊರೇ ರಾತ್ರಿ ಬಸ್ಸಿಗೆ ಒಗ್ಗಿಹೋಯಿತು. ಒಗ್ಗಿಹೋದದ್ದನ್ನೇ ಜನರ ಇಷ್ಟ ಎಂದು ತಿಳಿದುಕೊಂಡ ಹಾಗಿದೆ ರೈಲ್ವೆ.

ಘಾಟಿ ಎಂದರೆ ಹೀಗೇ, ನಿಧಾನವೇ, ಏನು ಮಾಡಲಿಕ್ಕಾಗುತ್ತದೆ ಮಾರಾಯ್ರೆ ಎನ್ನುವವರು ನಮ್ಮಲ್ಲೇ ಬಹಳ. ಅವರಿಗೆ ನಾನು ಮುಂಬೈ–ಪುಣೆ ದಾರಿಯನ್ನು ತೋರಿಸುತ್ತೇನೆ. ಅದೂ ಇದೇ ಸಹ್ಯಾದ್ರಿ. ಕರ್ಜತ್‌ನಿಂದ ಲೋಣಾವಳಕ್ಕೆ ಏರುವ ಭೋರ್ ಘಾಟ್ ನಮ್ಮದಕ್ಕಿಂತ ಕಡಿದು: ಮೂವತ್ತೇಳು ಅಡಿಗೆ ಒಂದು ಅಡಿ ಏರು. ಅಲ್ಲಿಗೆ ರೈಲು ಬಂದದ್ದು 1863ರಲ್ಲಿ. ಇವತ್ತು ಅಲ್ಲಿ ಮೂರು ಹಳಿ ಉಂಟು, ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದರ ಹಿಂದೊಂದು ರೈಲು ಓಡುತ್ತದೆ. ಅಲ್ಲಿಯೂ ಹೆಚ್ಚುವರಿ ಎಂಜಿನ್ ಕಟ್ಟುತ್ತಾರೆ, ಅಲ್ಲಿಯೂ ಮಳೆಗಾಲದಲ್ಲಿ ಬಂಡೆ ಉರುಳುತ್ತದೆ. ಆದರೂ ಮುಂಬೈಯಿಂದ ಪುಣೆಗೆ ಹೊರಟವರು ವಿಮಾನದ ಯೋಚನೆ ಮಾಡುವುದು ಅಪರೂಪ. ಅಲ್ಲಿನ ದೂರ ನಮ್ಮದರ ಅರ್ಧದಷ್ಟು ಎಂಬುದು ನಿಜ, ಹಾಗಾಗಿ ಅಲ್ಲಿನ ಮೂರು ಮೂರೂವರೆ ಗಂಟೆ ನಮಗೆ ಸಿಗಲಿಕ್ಕಿಲ್ಲ. ಆದರೆ ಘಾಟಿಯನ್ನು ನೆಪ ಮಾಡಿಕೊಂಡು ಒಂಟಿ ಹಳಿಯಲ್ಲಿ ಕೂರಿಸುವುದಕ್ಕೆ ಕಾರಣ ಕಾಣುವುದಿಲ್ಲ. ನಮ್ಮದೇ ಘಟ್ಟವನ್ನು ಪೆಟ್ರೋಲು, ಡೀಸೆಲ್ಲು ದಾಟುತ್ತಿವೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿನ ಹತ್ತಿರದ ದೇವನಗುಂದಿವರೆಗೆ 360 ಕಿ.ಮೀ.ಗೂ ಉದ್ದದ ಕೊಳವೆಮಾರ್ಗವನ್ನು ಈ ಶತಮಾನದ ಆರಂಭದಲ್ಲೇ ಹಾಕಿದ್ದಾರೆ. ಎಣ್ಣೆಗೆ ಅಷ್ಟು ಶ್ರಮಪಟ್ಟವರು ಮನುಷ್ಯರಿಗೆ ಇನ್ನೊಂದು ಹಳಿ ಹಾಕುವುದು ಅಸಾಧ್ಯವೆಂದರೆ ನಾನು ಒಪ್ಪುವುದಿಲ್ಲ.

ಒಂದು ಗಂಟೆಯ ಮಾತು ಎಷ್ಟು ಪೊಳ್ಳು ಎಂಬುದನ್ನು 2018ರ ಆಗಸ್ಟ್ ತೋರಿಸಿತು. ಶಿರಾಡಿ ಘಾಟಿಯ ರಸ್ತೆ ಕುಸಿದು ಮುಚ್ಚಿತು. ಜೋಡುಪಾಲದ ಕಡೆ ಗುಡ್ಡ ಜಾರಿ ಸಂಪಾಜೆ ಘಾಟಿ ಮುಚ್ಚಿತು. ರೈಲು ಹಳಿಯ ಮೇಲೆ ಅಲ್ಲಲ್ಲಿ ಮಣ್ಣು, ಬಂಡೆ, ಮರ, ರೈಲೂ ನಿಂತಿತು. ಆ ವಾರ ನನ್ನ ಅಂಗಡಿಯ ಫೋನು ಕೆಳಗಿಡಲು ಬಿಡುವಿರಲಿಲ್ಲ. ಪೀಣ್ಯದಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನ ತಾಯಿ ಇಲ್ಲಿ ತೀರಿಕೊಂಡಿದ್ದರು, ಅವನನ್ನು ಊರಿಗೆ ಕರೆಸಬೇಕಿತ್ತು. ಒಂದು ವಿಮಾನದ ಟಿಕೆಟ್ ಬೆಲೆ ನೋಡಿದೆ, ಬೇರೆ ದಿನದ ನಾಲ್ಕೈದು ಪಟ್ಟು. ಅವನ ಮಾವ ಎದುರಿಗೇ ಕೂತಿದ್ದರು. ಬೆಲೆ ಕೇಳಿ ಅವರು ಏನೂ ಹೇಳಲಿಲ್ಲ, ಅಂಗಿಯ ಕಿಸೆಯಿಂದ ಸೊಸೈಟಿಯ ಪಾಸ್‌ಬುಕ್ ತೆಗೆದು ತೆರೆದು ನೋಡಿದರು. ಟಿಕೆಟ್ ಮಾಡಿದೆ. ಬಜ್ಪೆ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣ, ಮಳೆ ಮೋಡ ಕವಿದರೆ ಇಳಿಯಲಾಗದೆ ವಿಮಾನ ಬಂದ ದಾರಿಗೆ ಹಿಂದೆ ಹೋಗುವುದುಂಟು. ಅವನ ವಿಮಾನ ಆ ದಿನ ಹಾಗೇ ತಿರುಗಿಹೋಯಿತು. ಸಂಜೆಯದರಲ್ಲಿ ಬಂದು ಇಳಿದ. ಅವನು ಮನೆ ಮುಟ್ಟುವ ಮೊದಲೇ ಕೆಲಸಗಳೆಲ್ಲ ಮುಗಿದಿದ್ದವು.

2024ರ ಜುಲೈಯಲ್ಲಿ ಘಾಟಿಯ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿ ಮತ್ತೆ ರೈಲು ನಿಂತಿತು. ಹಗಲು ರಾತ್ರಿ ಮಳೆಯಲ್ಲಿ ನಿಂತು ಕಲ್ಲು ಪೇರಿಸಿ ಅದನ್ನು ಸರಿಮಾಡಿದ ಕೆಲಸಗಾರರ ಋಣ ನಮ್ಮ ಮೇಲಿದೆ. ಆದರೆ ಪ್ರತಿ ಮಳೆಗಾಲ ಅವರ ಬೆನ್ನಿನ ಮೇಲೆ ಹೊರಿಸಿ ನಾವು ಸುಮ್ಮನಿರುವುದು ನ್ಯಾಯವಲ್ಲ.

ಬೆಂಗಳೂರಿನ ತುದಿಯ ಬಗ್ಗೆಯೂ ಒಂದು ಮಾತು. 2008ರ ಮೇ ತಿಂಗಳವರೆಗೆ ವಿಮಾನ ಇಳಿಯುತ್ತಿದ್ದದ್ದು ಊರೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ. ಅಲ್ಲಿಂದ ಎಂ.ಜಿ. ರಸ್ತೆ ಹತ್ತು ಕಿ.ಮೀ. ಸುಮಾರು. ದೇವನಹಳ್ಳಿಯಿಂದ ಮೂವತ್ತೈದರ ಮೇಲೆ. ಹಾರಾಟದ ಹೊತ್ತು ಆಗಲೂ ಅಷ್ಟೇ, ಈಗಲೂ ಅಷ್ಟೇ. ಪ್ರಯಾಣ ಮಾತ್ರ ಉದ್ದವಾಯಿತು. ಹಳೆಯ ನಿಲ್ದಾಣಕ್ಕೆ ಬೆಳೆಯಲು ಜಾಗವಿರಲಿಲ್ಲ, ಹೊಸದು ಬೇಕೇ ಇತ್ತು. ಆದರೆ ನಿಲ್ದಾಣದ ಜೊತೆಗೇ ಬರಬೇಕಿದ್ದ ಮೆಟ್ರೊ ಕೆಲಸ ಇಷ್ಟು ವರ್ಷ ಎಳೆಯಿತು. 2021ರಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು ರೈಲು ಹಾಲ್ಟ್ ಮಾಡಿದರು, ಆದರೆ ವಿಮಾನದ ಹೊತ್ತಿಗೆ ಹೊಂದುವಷ್ಟು ರೈಲು ಅಲ್ಲಿಲ್ಲ. ಪುತ್ತೂರಿನ ಹಿರಿಯರಿಗೆ ನಾನು ಹೇಳುವುದು ನಿಲ್ದಾಣದಿಂದ ಊರಿಗೆ ಓಡುವ ವಾಯುವಜ್ರ ಬಸ್ಸನ್ನೇ.

ಹಾಗಾದರೆ ಏನಾಗಬೇಕು? ಸಣ್ಣದರಿಂದ ಶುರುಮಾಡುತ್ತೇನೆ, ಅದಕ್ಕೆ ಸುರಂಗ ಕೊರೆಯಬೇಕಾಗಿಲ್ಲ. ಸುಳ್ಯದಿಂದಲೋ ಪುತ್ತೂರಿನಿಂದಲೋ ಬೆಳಗಿನ ಜಾವ ಹೊರಟು ಮಾಣಿ, ಬಿ.ಸಿ. ರೋಡ್, ಪೊಳಲಿ ಮೇಲೆ ಬಜ್ಪೆ ನಿಲ್ದಾಣದ ಬಾಗಿಲಿಗೆ ಹೋಗುವ ಒಂದು ಸರ್ಕಾರಿ ಬಸ್ಸು ಬೇಕು, ವಿಮಾನದ ವೇಳಾಪಟ್ಟಿ ನೋಡಿ ಅದರ ಹೊತ್ತು ಇಡಬೇಕು. ರಾತ್ರಿ ಕೊನೆಯ ವಿಮಾನ ಇಳಿದ ಮೇಲೆ ಅದೇ ದಾರಿಯಲ್ಲಿ ಹಿಂದೆ ಬರುವ ಇನ್ನೊಂದು. ಈಗ ನಾಲ್ಕು ಗಂಟೆಗೆ ಹೊರಡುವವರಿಗೆ ಬಾಡಿಗೆ ಕಾರೇ ಗತಿ. ಕಾರಿಲ್ಲದವನಿಗೆ ವಿಮಾನ ನಿಲ್ದಾಣ ಇದ್ದೂ ಇಲ್ಲದ ಹಾಗೆ.

ಎರಡನೆಯದು ಹಗಲು ರೈಲು. ಒಂದೇ ಹೆಸರು, ಒಂದೇ ನಂಬ್ರ, ಒಂದೇ ಹೊತ್ತು, ವಾರದ ಏಳೂ ದಿನ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳನ್ನು 2021ರಲ್ಲಿ ಈ ದಾರಿಗೆ ಹಾಕಿದಾಗ ಪ್ರವಾಸಿಗರು ಮುಗಿಬಿದ್ದು ಬಂದರು. ನನಗೂ ಖುಷಿಯಾಯಿತು, ಎಡಕುಮೇರಿಯ ಹಸಿರು ನೋಡಬೇಕಾದದ್ದೇ. ಅದೇ ರೈಲಿಗೆ ರಿಸರ್ವೇಶನ್ ಇಲ್ಲದೆ ಹತ್ತುವವರಿಗಾಗಿ ಎರಡು ಬೋಗಿ ಹೆಚ್ಚು ಹಾಕಲಿ ಎಂಬುದು ನನ್ನ ಬೇಡಿಕೆ.

ದೊಡ್ಡದು ಎರಡನೆಯ ಹಳಿ. ಕರಾವಳಿಯವರು ಇದನ್ನು ಒಬ್ಬರೇ ಕೇಳುತ್ತಾ ಬಂದದ್ದರಿಂದಲೇ ಇದು ಮುಂದೆ ಹೋಗಲಿಲ್ಲವೆಂದು ನನ್ನ ಅನಿಸಿಕೆ. ವಿಮಾನ ಬಜ್ಪೆಯಲ್ಲಿ ಏರಿ ದೇವನಹಳ್ಳಿಯಲ್ಲಿ ಇಳಿಯುತ್ತದೆ. ನಡುವಿನ ಯಾರಿಗೂ ಅದರಿಂದ ಪ್ರಯೋಜನವಿಲ್ಲ. ರೈಲು ಬಂಟ್ವಾಳದಲ್ಲಿ, ಪುತ್ತೂರಿನಲ್ಲಿ, ಸುಬ್ರಹ್ಮಣ್ಯ ರೋಡಿನಲ್ಲಿ, ಸಕಲೇಶಪುರದಲ್ಲಿ, ಹಾಸನದಲ್ಲಿ, ಚನ್ನರಾಯಪಟ್ಟಣದಲ್ಲಿ, ಕುಣಿಗಲ್ಲಿನಲ್ಲಿ ನಿಲ್ಲುತ್ತದೆ. ಸಕಲೇಶಪುರದ ಕಾಫಿ ತೋಟದ ಆಳು ಕಾಯಿಲೆಬಿದ್ದರೆ ಮಂಗಳೂರಿನ ಆಸ್ಪತ್ರೆಗೆ ಇಳಿಯಬಹುದು, ಹಾಸನದ ವಿದ್ಯಾರ್ಥಿ ಸುರತ್ಕಲ್‌ನ ಎನ್‌ಐಟಿಕೆಗೆ ಬರಬಹುದು, ಕುಣಿಗಲ್ಲಿನವರು ಕುಕ್ಕೆಗೆ ಬಂದು ಅದೇ ದಿನ ಹಿಂದೆ ಹೋಗಬಹುದು. ದಕ್ಷಿಣ ಕನ್ನಡ, ಹಾಸನ, ತುಮಕೂರು ಜಿಲ್ಲೆಗಳ ಸಂಸದರು ಪಕ್ಷ ಬದಿಗಿಟ್ಟು ಒಟ್ಟಿಗೆ ಹೋಗಿ ರೈಲ್ವೆ ಸಚಿವರ ಮುಂದೆ ಕೂರಲಿ, ಘಾಟಿಯ ಜೋಡಿ ಹಳಿಗೆ ಯಾವ ವರ್ಷ ಎಷ್ಟು ಹಣ ಎಂಬುದನ್ನು ಬರವಣಿಗೆಯಲ್ಲಿ ಪಡೆದು ಬರಲಿ. ವಿಮಾನ ಉಂಟಲ್ಲ ಎಂಬ ಉತ್ತರ ಅಲ್ಲಿ ಬಂದರೆ, ಹಾಸನದವರೂ ಸಕಲೇಶಪುರದವರೂ ಅದನ್ನು ಎಲ್ಲಿ ಹತ್ತಬೇಕೆಂದು ಅವರನ್ನೇ ಕೇಳಲಿ.